ಪ್ಯಾಕೇಜಿನಲ್ಲಿ ಇಲ್ಲದ ದಡ

ಒಂದು ಹಡಗಿನಲ್ಲಿ ಒಬ್ಬ ಶ್ರೀಮಂತ ಇದ್ದ.

ಯಾಕೆ ನಗ್ತೀರಿ? 'ಒಂದೂರಲ್ಲಿ' ಅಂತ ಶುರು ಮಾಡಬೇಕಿತ್ತು ಅಂತಲಾ? ಏನು ಮಾಡಲಿ ತಾಯಂದಿರೇ, ಈಗಿನ ಶ್ರೀಮಂತ ಊರಲ್ಲಿ ಎಲ್ಲಿರ್ತಾನೆ! ಇವನಿಗೆ ಮೂರು ರೈಸ್ ಮಿಲ್ಲು, ಎರಡು ಪೆಟ್ರೋಲ್ ಬಂಕು. ಅರವತ್ತು ತುಂಬಿತು. ಎಲ್ಲರೂ ಮನೆ ಮುಂದೆ ಪೆಂಡಾಲ್ ಹಾಕಿ ಹೋಳಿಗೆ ಊಟ ಹಾಕಿಸ್ತಾರೆ, ನಾನು ಹಡಗಿನಲ್ಲೇ ಮಾಡ್ತೀನಿ ಅಂದ. ಅಮೆರಿಕದ ಕೆಳಗೆ ಕೆರಿಬಿಯನ್ ಅಂತ ಒಂದು ಸಮುದ್ರ ಇದೆಯಂತೆ. ಅಲ್ಲಿ ಊರಿನಷ್ಟು ದೊಡ್ಡ ಹಡಗು. ರಾತ್ರಿಯೆಲ್ಲ ಸಾಗುತ್ತೆ, ಬೆಳಗಾದರೆ ಒಂದು ದ್ವೀಪದ ಬಂದರಲ್ಲಿ ನಿಲ್ಲುತ್ತೆ. ಜನ ಇಳಿದು ತಿರುಗಾಡಿ ಸಂಜೆ ಐದರೊಳಗೆ ಮತ್ತೆ ಹತ್ತಬೇಕು. ನಾನು ನೋಡಿದವನಲ್ಲಪ್ಪ. ನಾನು ಹತ್ತಿದ ದೊಡ್ಡ ಹಡಗು ಅಂದರೆ ಹೊಳೆ ದಾಟೋ ಹರಿಗೋಲು!

ಶ್ರೀಮಂತ ಹೆಂಡತಿ, ಮಗ, ಸೊಸೆ, ಬೀಗರು ಎಲ್ಲರನ್ನೂ ಕರ್ಕೊಂಡು ಹೊರಟ. ಅವನಿಗೆ ಒಬ್ಬ ತಮ್ಮ ಇದ್ದ. ಊರಲ್ಲೇ ಹಿಟ್ಟಿನ ಗಿರಣಿ ಇಟ್ಕೊಂಡಿದ್ದ. ತಲೆ, ಹುಬ್ಬು, ಮೀಸೆ ಎಲ್ಲಾ ಜೋಳದ ಹಿಟ್ಟು, ಮನಸ್ಸು ಮಾತ್ರ ಸ್ವಚ್ಛ. ಬೀಗರನ್ನು ಕರ್ಕೊಂಡು ಹೋಗಿ ಒಡಹುಟ್ಟಿದವನನ್ನು ಬಿಟ್ಟರೆ ಊರ ಬಾಯಿ ಸುಮ್ಮನಿರುತ್ತಾ? ಹಾಗಾಗಿ ತಮ್ಮನನ್ನೂ, ತಮ್ಮನ ಹೆಂಡತಿಯನ್ನೂ ಹಡಗು ಹತ್ತಿಸಿದ. ಅಣ್ಣನ ಕೋಣೆಗೆ ಸಮುದ್ರ ಕಾಣೋ ಮೊಗಸಾಲೆ. ತಮ್ಮನ ಕೋಣೆಗೆ ಕಿಟಕಿಯೇ ಇಲ್ಲ.

ನೋಡಿ, ಹಡಗಿನ ಒಳಗೆ ಊಟ ತಿಂಡಿ ಎಲ್ಲಾ ಪುಕ್ಕಟೆ. ಕಾಲು ಕೆಳಗಿಟ್ಟರೆ ಎಲ್ಲದಕ್ಕೂ ಡಾಲರ್. ಹಡಗಿನವರೇ ಎಸಿ ಬಸ್ಸು ಮಾಡಿ, ಗೈಡು ಕೊಟ್ಟು, ದಿನಾ ಒಂದು ಪ್ಯಾಕೇಜ್ ಮಾರ್ತಾರೆ. ಮೊದಲನೇ ಬಂದರು ಬಂತು. ತಿಂಡಿ ಹೊತ್ತಲ್ಲಿ ಬೀಗರೆಲ್ಲ ಕೂತಿದ್ದಾರೆ, ಅಣ್ಣ ದೊಡ್ಡ ದನಿಯಲ್ಲಿ ಅಂದ:

"ಲೇ ತಮ್ಮಾ, ನಿನ್ನ ಕೈಲಿ ಆಗಲ್ಲ ಅಂತ ನನಗೆ ಗೊತ್ತಿಲ್ವೇನೋ? ನಿನ್ನ ಪ್ಯಾಕೇಜೂ ನಾನೇ ಹಾಕ್ತೀನಿ ಬಾರೋ. ಏನು ಮಹಾ!"

ಕೊಡೋ ಮಾತೇ. ಆದರೆ ಕೊಡೋ ರೀತಿ ನೋಡಿ! ಅನ್ನ ಬಡಿಸಿ ಅದರ ಮೇಲೆ ಮರಳು ಉದುರಿಸಿದ ಹಾಗೆ. ಬೀಗರು ತಟ್ಟೆ ನೋಡ್ತಾ ನಕ್ಕರು. ತಮ್ಮನಿಗೆ ಮುಖ ಎಲ್ಲಿಡೋದು ತಿಳಿಯಲಿಲ್ಲ.

"ಇಲ್ಲಣ್ಣ, ನನಗೆ ಮಂಡಿ ನೋವು. ನೀವು ಹೋಗಿ ಬನ್ನಿ" ಅಂದುಬಿಟ್ಟ.

ಎರಡನೇ ಬಂದರು ಬಂತು. ಅವತ್ತೂ ಮಂಡಿ ನೋವು. ಗಂಡ ಹೆಂಡತಿ ಇಬ್ಬರೂ ಆ ಕಿಟಕಿಯಿಲ್ಲದ ಗೂಡಲ್ಲಿ ಗೋಡೆ ನೋಡ್ತಾ ಕೂತರು. ಮೂರನೇ ಬಂದರು ಬಂತು. ತಮ್ಮ ಇನ್ನೇನು ಮಂಡಿ ನೀವಿಕೊಳ್ಳಬೇಕು, ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ರೀ, ಗಿರಣಿಯಲ್ಲಿ ದಿನಾ ಮೂಟೆ ಎತ್ತೋವಾಗ ಬರದ ನೋವು, ಅಣ್ಣನ ಮುಂದೆ ಮಾತ್ರ ಹೇಗ್ರೀ ಬರುತ್ತೆ? ಅದು ಮಂಡಿ ನೋವಲ್ಲ, ಜೇಬಿನ ನೋವು. ನನಗೆ ಗೊತ್ತಿಲ್ವಾ?"

ತಮ್ಮ ಮಂಡಿ ಮೇಲಿನ ಕೈ ತೆಗೆದ.

"ಎರಡು ಊರು ಹೋಯ್ತು. ಇವತ್ತೊಂದು, ನಾಳೆ ಒಂದು, ಮುಗೀತು. ಇಷ್ಟು ದಿನದಿಂದ ಸಮುದ್ರದ ಮೇಲೇ ಇದ್ದೀನಿ, ನನ್ನ ಕಾಲು ಇನ್ನೂ ಒದ್ದೆ ಆಗಿಲ್ಲ ರೀ. ಮತ್ತೆ ಈ ಜನ್ಮದಲ್ಲಿ ಬರ್ತೀವಾ?"

ಆಗ ತಮ್ಮನ ಕಣ್ಣಲ್ಲಿ ನೀರು ಬಂತು. "ಇವತ್ತಿಗೆ ಅಂತ ನನ್ನ ಹತ್ತಿರ ಇರೋದು ಇಪ್ಪತ್ತು ಡಾಲರ್ ಕಣೆ. ಇಷ್ಟರಲ್ಲಿ ನಿನಗೆ ಏನು ಕೊಡಿಸಲಿ? ಹೊರಗೆ ಕರ್ಕೊಂಡು ಹೋಗಿ ಬರಿಗೈಲಿ ನಿಲ್ಲಿಸೋದಕ್ಕಿಂತ ಇಲ್ಲೇ ಇರೋದು ವಾಸಿ ಅಂತ..."

"ಕೊಡಿಸಿ ಅಂತ ಯಾರು ಕೇಳಿದ್ರು? ಕರ್ಕೊಂಡು ಹೋಗಿ ಅಂದೆ!"

ಕೇಳಿದಿರಾ ಗಂಡಸರೇ? ಇನ್ನೊಂದು ಸಲ ಹೇಳ್ತೀನಿ, ಹಿಂದಿನ ಸಾಲಿಗೂ ಕೇಳಲಿ. ಕೊಡಿಸಿ ಅಂತ ಯಾರು ಕೇಳಿದ್ರು? ಕರ್ಕೊಂಡು ಹೋಗಿ ಅಂದೆ!

ತಮ್ಮ ಚಪ್ಪಲಿ ಮೆಟ್ಟಿದ. ಇಬ್ಬರೂ ಹೊಟ್ಟೆ ತುಂಬ ತಿಂಡಿ ತಿಂದು, ಬಾಟಲಿಗೆ ನೀರು ತುಂಬಿಕೊಂಡು ಇಳಿದರು. ಬಂದರಿನ ಗೇಟಲ್ಲಿ ಟ್ಯಾಕ್ಸಿಯವರು ಮುತ್ತಿಕೊಂಡರು. ಒಬ್ಬ ನಲವತ್ತು ಅಂದ, ಒಬ್ಬ ಮೂವತ್ತೈದು ಅಂದ. ತಮ್ಮ ವಾಪಸ್ ಹೋಗೋಣ ಅಂತ ತಿರುಗೇಬಿಟ್ಟಿದ್ದ. ಹೆಂಡತಿ ಅವನ ತೋಳು ಹಿಡಿದಳು.

"ಆಕಡೆ ನೋಡ್ರೀ. ತರಕಾರಿ ಚೀಲ ಹಿಡ್ಕೊಂಡು ಹೆಂಗಸರು ನಿಂತಿದ್ದಾರೆ. ಅವರೇನು ಟ್ಯಾಕ್ಸಿಯಲ್ಲಿ ಹೋಗ್ತಾರಾ? ಊರವರು ಎಲ್ಲಿ ನಿಲ್ತಾರೋ ನಾವೂ ಅಲ್ಲೇ ನಿಲ್ಲೋಣ."

ನಿಂತರು. ಒಂದು ವ್ಯಾನ್ ಬಂತು. ಥೇಟ್ ನಮ್ಮ ಮ್ಯಾಕ್ಸಿಕ್ಯಾಬೇ! ಅದೇ ಜೋರು ಹಾಡು, ಅದೇ 'ಇನ್ನೊಬ್ಬರು ಹತ್ತಿ, ಜಾಗ ಇದೆ'. ಒಬ್ಬ ದಪ್ಪ ಅಮ್ಮ ಜರುಗಿ, ಚೀಲ ತೊಡೆ ಮೇಲೆ ಇಟ್ಕೊಂಡು, ಇವಳ ಸೀರೆ ಅಂಚನ್ನು ಮುಟ್ಟಿ ನೋಡಿ, ಚೆನ್ನಾಗಿದೆ ಅನ್ನೋ ಹಾಗೆ ತಲೆದೂಗಿದಳು. ತಮ್ಮನಿಗೆ ಬರ್ತಿದ್ದ ಇಂಗ್ಲಿಷು ಎರಡೇ ಮಾತು: ಬೀಚ್, ಹೌ ಮಚ್. ಅಷ್ಟೇ ಸಾಕಾಯ್ತು. ಇಬ್ಬರಿಗೂ ಸೇರಿ ನಾಲ್ಕು ಡಾಲರ್.

ಊರವರು ಹೋಗೋ ಸಮುದ್ರ ದಂಡೆ. ಟಿಕೆಟ್ಟಿಲ್ಲ, ಗೇಟಿಲ್ಲ. ಮೇಲ್ಗಡೆ ರಸ್ತೆ, ಕೆಳಗೆ ಬಾದಾಮಿ ಮರದ ನೆರಳು, ಅದರಾಚೆ ಮರಳು. ಹೆಂಡತಿ ಚಪ್ಪಲಿ ಬಿಟ್ಟಳು, ಸೀರೆ ಎತ್ತಿ ಕಟ್ಟಿದಳು, ನಡೆದಳು. ಮೊದಲನೇ ಅಲೆ ಪಾದಕ್ಕೆ ಬಂತು. ಕಿರುಚಿದಳು! ಎರಡನೇದು ಮಂಡಿಗೆ ಬಂತು. ಐವತ್ತು ದಾಟಿದ ಹೆಂಗಸು, ಎರಡು ಮಕ್ಕಳ ಮದುವೆ ಮಾಡಿದಾಕೆ, ಕುಣಿದಳು ಅಂತೀನಿ! ತಮ್ಮ ನೋಡ್ತಾ ನಿಂತ. ಇಷ್ಟು ವರ್ಷ ಇವಳ ಜೊತೆ ಬಾಳಿದೆ, ಇವಳು ಹೀಗೆ ನಗ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲ ಅನ್ನಿಸಿತು ಅವನಿಗೆ. ಒಂದು ಸುಳ್ಳು ಮಂಡಿ ನೋವಿಗೆ ಇದನ್ನು ಬಲಿ ಕೊಡ್ತಿದ್ದೆನಲ್ಲಾ ಅಂತ ತನ್ನನ್ನೇ ಬೈದುಕೊಂಡ.

ಆ ಹೊತ್ತಿಗೆ ದಂಡೆಯಲ್ಲಿ ಒಂದು ಇಪ್ಪತ್ತು ಮೂವತ್ತು ಜನ ಎರಡು ಸಾಲಾಗಿ ನಿಂತು, ಸಾಲಿಗೊಂದು ದಪ್ಪ ಹಗ್ಗ ನೀರಿನಿಂದ ಎಳೀತಿದ್ದರು. ಹಗ್ಗದ ಆ ತುದಿ ನೀರೊಳಗೆ. ಒಂದು ಸಾಲಲ್ಲಿ ಜನ ಕಡಿಮೆ, ಅವರ ಹಗ್ಗ ಹಿಂದೆ ಹಿಂದೆ ಜಾರ್ತಿತ್ತು. ತಮ್ಮ ಅಂದುಕೊಂಡ, ಪಾಪ, ದೋಣಿ ಸಿಕ್ಕಿಬಿದ್ದಿದೆ. ಮೂಟೆ ಎತ್ತಿ ಬೆಳೆದ ದೇಹ, ಬೇರೆಯವರು ಭಾರ ಎಳೆಯೋವಾಗ ಕೈಕಟ್ಟಿ ನಿಲ್ಲುತ್ತಾ? ಹೋದ. ನಾವು ಯಾವ ಕೆಲಸ ಶುರು ಮಾಡಿದರೂ ಆ ಹತಾರಕ್ಕೆ ಒಂದು ನಮಸ್ಕಾರ ಹಾಕ್ತೀವಲ್ಲ, ಹಾಗೇ ಆ ಹಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಪಕ್ಕದಲ್ಲಿದ್ದ ಭಾರಿ ಆಳು ಅದನ್ನು ನೋಡಿ, ಏನಂದುಕೊಂಡನೋ, ತಾನೂ ಕಣ್ಣಿಗೆ ಒತ್ತಿಕೊಂಡ! ಅವನ ಹಿಂದಿನವನೂ ಒತ್ತಿಕೊಂಡ!

ಎಳೆದರು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೀತಿದ್ದಾರೆ, ಬಲ ಕೂಡ್ತಿಲ್ಲ. ತಮ್ಮನ ಬಾಯಿಂದ ತಾನಾಗೇ ಬಂತು: "ಐಸಾ!"

ಯಾರಿಗೂ ಅರ್ಥವಾಗಲಿಲ್ಲ. ಅರ್ಥ ಯಾರಿಗೆ ಬೇಕು? ಮತ್ತೆ ಕೂಗಿದ, "ಐಸಾ!" ಮೂರನೇ ಸಲಕ್ಕೆ ಆ ಸಾಲು ಪೂರ್ತಿ ಕೂಗಿತು, "ಐಸಾ!" ನಾಲ್ಕನೇ ಸಲಕ್ಕೆ ಆ ಕಡೆಯ ಸಾಲೂ ಹಿಡೀತು. ಹಗ್ಗ ಬರೋಕೆ ಶುರುವಾಯ್ತು ನೋಡಿ! ಸಮುದ್ರವೇ ಬರ್ತಿದೆಯೇನೋ ಅನ್ನೋ ಹಾಗೆ ಬಂತು. ಹಿಟ್ಟಿನ ಗಿರಣಿಯವನು, ಅಣ್ಣನ ಬೀಗರ ಮುಂದೆ ಉಗುಳು ನುಂಗಿಕೊಂಡು ಕೂತಿದ್ದವನು, ಯಾವುದೋ ದ್ವೀಪದಲ್ಲಿ ನಿಂತು ಕೂಗ್ತಾನೆ, ಜನ ಅವನ ದನಿಗೆ ದನಿ ಕೂಡಿಸ್ತಾರೆ! ಎಂಥ ಸಂಭ್ರಮ ಅದು!

ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಒಂದು ದೊಡ್ಡ ಗಾಜಿನ ಬಸ್ಸು ನಿಧಾನವಾಗಿ ಬಂತು. ತಮ್ಮ ತಲೆ ಎತ್ತಿದ. ಗಾಜಿನ ಹಿಂದೆ ಅಣ್ಣ! ಕಣ್ಣು ಬಾಯಿ ಬಿಟ್ಕೊಂಡು ನೋಡ್ತಿದ್ದಾನೆ, ಅಂಗೈಯಿಂದ ಗಾಜು ಬಡೀತಿದ್ದಾನೆ. ತಮ್ಮ ಒಂದು ಕೈ ಬಿಟ್ಟು "ಬಾರಣ್ಣಾ!" ಅಂತ ಕರೆದ. ಬಸ್ಸು ನಿಲ್ಲಲಿಲ್ಲ. ಹೋಯ್ತು.

ಕೊನೇ ಎಳೆತಕ್ಕೆ ಹಗ್ಗದ ತುದಿ ಬಂತು. ದೋಣಿ ಅಲ್ಲ ಸ್ವಾಮಿ, ಬಲೆ! ಬಲೆ ತುಂಬ ಪಳಪಳ ಮೀನು! ತಮ್ಮ ಕೊರಳಲ್ಲಿ ಲಿಂಗ ಕಟ್ಟಿದವನು. "ಶಿವ ಶಿವಾ!" ಅಂತ ಎರಡು ಹೆಜ್ಜೆ ಹಾರಿದ. ಹೆಂಡತಿ ನೀರಲ್ಲಿ ನಿಂತು ಹೊಟ್ಟೆ ಹಿಡ್ಕೊಂಡು ನಕ್ಕಳು.

ನಗಬೇಡಿ, ಇನ್ನೂ ಇದೆ. ಆ ದಂಡೆಯಲ್ಲಿ ಒಂದು ಪದ್ಧತಿ. ಹಗ್ಗಕ್ಕೆ ಯಾರು ಕೈ ಹಾಕಿದರೋ ಅವರಿಗೆಲ್ಲ ಪಾಲು. ಒಬ್ಬ ಮುದುಕಿ ಬುಟ್ಟಿ ಇಟ್ಕೊಂಡು ಹಂಚ್ತಿದ್ದಾಳೆ. ತಮ್ಮನಿಗೂ ಒಂದು ಚೀಲ ಚಾಚಿದಳು. ಇವನು ಕೈಮುಗಿದು ಬೇಡ ಬೇಡ ಅಂತಾನೆ. ಮುದುಕಿಯ ಮುಖ ಸಣ್ಣದಾಯ್ತು. ನಮ್ಮದು ಇವನಿಗೆ ಬೇಡವಾ ಅಂತ. ಹೆಂಡತಿ ಓಡಿ ಬಂದಳು.

"ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನಬಾರದು ರೀ. ಅದು ಅವರ ಅನ್ನ."

ಎರಡೂ ಕೈ ಚಾಚಿ ಇಸ್ಕೊಂಡು, ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿ ಮೂರು ಮಕ್ಕಳ ಜೊತೆ ನಿಂತಿದ್ದ ತಾಯಿಯ ಬುಟ್ಟಿಗೆ ಹಾಕಿದಳು. ಆ ತಾಯಿ ಸುಮ್ಮನಿರ್ತಾಳಾ? ನಮ್ಮ ಹಲಸಿನ ಹಾಗೇ ಇರೋ ಒಂದು ಸಣ್ಣ ಕಾಯಿ, ಕೆಂಡದಲ್ಲಿ ಸುಟ್ಟಿದ್ದು ತಂದುಕೊಟ್ಟಳು. ಆ ಭಾರಿ ಆಳು ಎಳನೀರು ಕೊಚ್ಚಿಕೊಟ್ಟ. ಹೆಂಡತಿ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದಳು. ನಮ್ಮ ಹೆಂಗಸು ಚಟ್ನಿಪುಡಿ ಇಲ್ಲದೆ ಊರ ಗಡಿ ದಾಟಿದ್ದುಂಟಾ? ಸುಟ್ಟ ಕಾಯಿಗೆ ಚಟ್ನಿಪುಡಿ ಅದ್ದಿ ಎಲ್ಲರೂ ತಿಂದರು, ಖಾರಕ್ಕೆ ಕಣ್ಣೀರು ಹಾಕಿದರು, ಮತ್ತೆ ಕೈ ಚಾಚಿದರು. ಆಮೇಲೆ ಅದೇ ಆಳು ಹಡಗಿನ ಹೊತ್ತಿಗೆ ಸರಿಯಾಗಿ ಇಬ್ಬರನ್ನೂ ವ್ಯಾನು ಹತ್ತಿಸಿ ಕಳಿಸಿದ.

ಸಂಜೆ ಆ ಕಿಟಕಿಯಿಲ್ಲದ ಕೋಣೆಯ ಬಾಗಿಲು ಬಡಿದ ಸದ್ದು. ಅಣ್ಣ! ಹಡಗು ಹತ್ತಿದ ಮೇಲೆ ಮೊದಲನೇ ಸಲ ಆ ಕೋಣೆಗೆ ಬಂದಿದ್ದ. ಮಂಚದ ಅಂಚಿನಲ್ಲಿ ಕೂತ.

"ಎಷ್ಟು ಕೊಟ್ಯೋ ಅದಕ್ಕೆ?"

"ಯಾವುದಕ್ಕಣ್ಣ?"

"ಆ ಹಗ್ಗ ಎಳೆಯೋದಕ್ಕೆ."

"ಅದಕ್ಕೆ ದುಡ್ಡು ಯಾರು ಕೇಳ್ತಾರಣ್ಣ? ಹೋಗಿ ಕೈ ಹಾಕಿದೆ ಅಷ್ಟೇ."

ಅಣ್ಣ ತನ್ನ ಅಂಗೈ ನೋಡಿಕೊಂಡ. ಆಮೇಲೆ ಅಂದ, "ನಾನು ಬಸ್ಸು ನಿಲ್ಲಿಸಿ ಅಂತ ಬಡ್ಕೊಂಡೆ ಕಣೋ. ನನ್ನ ತಮ್ಮ ಅಲ್ಲಿದ್ದಾನೆ, ಐದು ನಿಮಿಷ ಇಳೀತೀನಿ ಅಂದೆ. ಆ ಗೈಡು ನಗ್ತಾ ಹೇಳಿದ, ಸಾರಿ ಸರ್, ಈ ಜಾಗ ನಿಮ್ಮ ಪ್ಯಾಕೇಜಲ್ಲಿ ಇಲ್ಲ."

ಮೂರು ಮಿಲ್ಲಿನ ಯಜಮಾನ! ಎರಡು ಬಂಕಿನ ಧಣಿ! ಒಡಹುಟ್ಟಿದ ತಮ್ಮ ಕರೀತಿದ್ದಾನೆ, ಇಳಿಯೋ ಹಾಗಿಲ್ಲ! ಹೇಳಿ, ಆ ದಿನ ಬಡವ ಯಾರು?

ತಮ್ಮ ಅಣ್ಣನ ಹೆಗಲ ಮೇಲೆ ಕೈ ಇಟ್ಟ. "ನಾಳೆ ನಮ್ಮ ಜೊತೆ ಬಾರಣ್ಣ. ವ್ಯಾನಿನ ಚಾರ್ಜು ನಾನು ಹಾಕ್ತೀನಿ."

ಬಂದ. ಮಾರನೇ ದಿನ ಬೀಗರ ಬಸ್ಸು ಆ ಕಡೆ ಹೋಯ್ತು, ಅಣ್ಣ, ತಮ್ಮ, ತಮ್ಮನ ಹೆಂಡತಿ ಈ ಕಡೆ ನಡೆದರು. ಕೊಡೋವಾಗ ಜೋರು ದನಿ ಮಾಡ್ತಿದ್ದ ಅಣ್ಣ, ತಮ್ಮ ಕೊಟ್ಟ ಎರಡು ಡಾಲರಿನ ಸೀಟಲ್ಲಿ ಕಣ್ಣು ಒರೆಸ್ಕೊಂಡು ಕೂತಿದ್ದ. ಗೆದ್ದವರು ಇಬ್ಬರೂ.

ಈಗ ನಿಮ್ಮ ಕಡೆ ಬರ್ತೀನಿ. ಹಡಗಿನ ಕಥೆ, ನಮಗೇನು ಅಂತ ಆರಾಮಾಗಿ ಕೂತಿದ್ದೀರಲ್ಲ!

ದುಡ್ಡಿದ್ದವರೇ, ಗಾಜಿನ ಹಿಂದೆ ಕೂತು ಬದುಕು ನೋಡೋದನ್ನ ಬಿಡಿ. ಕೊಡೋವಾಗ ದನಿ ತಗ್ಗಿಸಿ. ತೊಗೊಳ್ಳೋದನ್ನೂ ಸ್ವಲ್ಪ ಕಲಿತ್ಕೊಳ್ಳಿ. ತಮ್ಮನ ಮನೆಗೆ ಹೋಗಿ ನೆಲದ ಮೇಲೆ ಕೂತು ಒಂದು ರೊಟ್ಟಿ ತಿಂದು ಎಷ್ಟು ವರ್ಷವಾಯ್ತು?

ಇಲ್ಲದವರೇ, ನಿಮಗೆ ಇನ್ನೂ ಜೋರಾಗಿ ಬೈತೀನಿ. ಮಕ್ಕಳು ಕೆರೆ ಏರಿ ಮೇಲೆ ಹೋಗೋಣ ಅಂದರೆ ನಿಮಗೆ ಸುಸ್ತು. ಹೆಂಡತಿ ತಂಗಿ ಮನೆಗೆ ಹೋಗೋಣ ಅಂದರೆ ನಿಮಗೆ ಕೆಲಸ. ಸುಸ್ತೂ ಇಲ್ಲ, ಕೆಲಸವೂ ಇಲ್ಲ! ಕೈ ಬೀಸ್ಕೊಂಡು ಹೋದರೆ ಜನ ಏನಂತಾರೋ ಅನ್ನೋ ಬಿಗುಮಾನ. ಆ ಬಿಗುಮಾನಕ್ಕೆ ಮನೆಯವರ ನಗು ಬಲಿ ಕೊಡ್ತಿದ್ದೀರಿ. ಹೋಗಿ ಸ್ವಾಮಿ! ಹೋದ ಕಡೆ ಮೂಲೆಯಲ್ಲಿ ನಿಂತು ನೋಡಬೇಡಿ. ಮದುವೆ ಮನೆಯಾದರೆ ಎಲೆ ಹಾಕಿ, ದಾಸೋಹವಾದರೆ ಸೌಟು ಹಿಡೀರಿ. ಕೈ ಹಾಕಿದವನಿಗೆ ಎಲ್ಲಾ ಊರಲ್ಲೂ ಪಾಲಿದೆ.

ಇವತ್ತು ರಾತ್ರಿ ಮನೆಗೆ ಹೋಗೋ ದಾರಿಯಲ್ಲಿ ಒಂದೇ ಒಂದು ಕೆಲಸ ಮಾಡಿ. ಪಕ್ಕದಲ್ಲಿ ನಡೀತಿರೋ ಆಕೆಗೆ ಜೇಬಿನ ನಿಜ ಹೇಳಿ. 'ನನ್ನ ಹತ್ತಿರ ಇಷ್ಟೇ ಇದೆ ಕಣೆ. ಎಲ್ಲಿಗೆ ಹೋಗೋಣ ಹೇಳು' ಅನ್ನಿ. ಅಂದುಬಿಟ್ಟು ಆಕೆಯ ಮುಖ ನೋಡಿ.