ಬಿಚ್ಚಿದ ಮಡಿಕೆ

“ಎಲ್ಲರೂ ಒಂದೇ ಥರ ಕಾಣ್ಲಿ ಅಂತ ತಾನೇ ಅಕ್ಕಾ ಯೂನಿಫಾರ್ಮು?”

“ಎಲ್ಲಿ ಕಾಣ್ತಾರೆ? ಮಡಿಕೆ ಬಿಚ್ಚಿ ಉದ್ದ ಮಾಡ್ಸಿದ್ದಕ್ಕೆ ಸ್ಕರ್ಟಿನ ಮೇಲೆಲ್ಲ ಮಾಸಿದ ನೀಲಿ, ಕೆಳಗೆ ಹೊಸ ನೀಲಿ. ಕ್ಲಾಸಲ್ಲಿ ‘ಪಟ್ಟಿರಾಣಿ’ ಅಂತಾರಂತೆ. ಶಾಲೆಗೇ ಹೋಗಲ್ಲ ಅಂತ ಕೂತಿದ್ದಾಳೆ ನನ್ನ ಮಗಳು!”

ದರ್ಜಿಯಂಗಡಿಯ ಬೆಂಚಿನಲ್ಲಿ ಆ ಅಕ್ಕತಂಗಿಯರ ಪಕ್ಕ ನರ್ಸಮ್ಮ ಮಗನ ಶಾಲೆಯ ಪ್ಯಾಂಟು ಹಿಡಿದು ಕೂತಿದ್ದಳು. ಕಿವಿಯೆಲ್ಲ ಅವರ ಮಾತಿನ ಮೇಲೇ.

“ಹಾಗಾದ್ರೆ ಯೂನಿಫಾರ್ಮೇ ಬೇಡ ಅನ್ನು.”

“ದಿನಕ್ಕೊಂದು ಬಣ್ಣದ ಬಟ್ಟೆ ನೀನು ಹೊಲಿಸ್ಕೊಡ್ತೀಯಾ?”

“ಅದೂ ಬೇಡ, ಇದೂ ಬೇಡ. ನಿನ್ನ ಜೊತೆ ಯಾರು ಏಗ್ತಾರೆ ಮಾರಾಯ್ತಿ!”

ದರ್ಜಿ ಸ್ಕರ್ಟನ್ನು ಮತ್ತೆ ಮಡಿಸಿ ಹೊಲಿದು ಕೊಟ್ಟ.

“ಗಿಡ್ಡ ಆಯ್ತು ಅಂತ ಇನ್ನು ಟೀಚರ್ ಬೈತಾರೆ, ನೋಡ್ತಿರು,” ಎನ್ನುತ್ತ ಅಕ್ಕ ಮೆಟ್ಟಿಲಿಳಿದಳು.

“ಪ್ಯಾಂಟಿನ ಮಡಿಕೆ ಬಿಚ್ಚೋದಾ ಅಮ್ಮಾ?” ದರ್ಜಿ ಕೈಚಾಚಿದ.

ನರ್ಸಮ್ಮ ಬೆರಳಿನಿಂದ ಮಡಿಕೆ ಸರಿಸಿ ನೋಡಿದಳು. ಹೊರಗೆ ಮಾಸಿದ್ದ ಬಟ್ಟೆ ಒಳಗೆ ಹೊಚ್ಚಹೊಸದಾಗಿತ್ತು.