ರಕ್ತನಿಧಿಯ ಫೈಲು ಹೆಸರು ಕೇಳಿದ್ದು

ನಗಬೇಡಿ. ದೀಪ ಸಣ್ಣ ಮಾಡಿ, ಹೇಳ್ತೀನಿ. ಇದು ಆದದ್ದು ನಮ್ಮ ಚಿಕ್ಕಪ್ಪನ ಮಗ ರಾಡಿಂಗ್‌ಗೆ, ಇಲ್ಲೇ ನಮ್ಮ ಕಿಸುಮು ಊರಿನಲ್ಲಿ.

ಆವತ್ತು ರಾತ್ರಿ ಹನ್ನೊಂದೂವರೆ. ದೊಡ್ಡ ಅತ್ತಿಮರದ ದಾರಿ ಹಿಡಿದು ಆಫೀಸಿಗೆ ಹೊರಟಿದ್ದ. ರಕ್ತನಿಧಿಯ ಆ್ಯಪ್‌ಗೆ ಹೊಸ ಕೋಡ್ ಹಾಕಬೇಕಿತ್ತು, ಆಸ್ಪತ್ರೆಗಳ ಗಡಿಬಿಡಿ ತಗ್ಗಿದ ಹೊತ್ತಲ್ಲಿ. ಹಳೇ ಕೋಡ್ ಒಂದೇ ಫೈಲು, ಹನ್ನೊಂದು ಸಾವಿರ ಸಾಲು. ಒಂದು ಚೀಲ ರಕ್ತ ಎಲ್ಲಿದೆ ಅಂತ ಕೇಳಿದರೂ ಇಡೀ ಫೈಲು ಎದ್ದು ಬರಬೇಕು... ಚಿಟಿಕೆ ಉಪ್ಪಿಗೆ ಅಡಿಗೆಮನೆಯನ್ನೇ ಹೊತ್ತು ತಂದ ಹಾಗೆ. ಉತ್ತರಕ್ಕೆ ಆರು ನಿಮಿಷ! ಮೂರು ತಿಂಗಳು ಕಣ್ಣು ಕೆಡಿಸಿಕೊಂಡು ಅದನ್ನು ಒಡೆದು ನಲವತ್ತು ಸಣ್ಣ ಫೈಲು ಮಾಡಿದವನು ಇವನ ಜೀವದ ಗೆಳೆಯ ಒಗ್ವೆನೊ. ಮುಗಿಸಿದ ವಾರಕ್ಕೇ ಬೈಕಿನಿಂದ ಬಿದ್ದು ಸತ್ತ, ಪಾಪ.

ಗೋರಿಯ ಮಣ್ಣು ಇನ್ನೂ ಹಸಿ ಇತ್ತು... ಪ್ರತಿ ಫೈಲಿನ ತಲೆಯಲ್ಲಿದ್ದ ಅವನ ಹೆಸರು ಅಳಿಸಿ ತನ್ನದು ಬರೆದುಕೊಂಡ, ಈ ಮಹಾನುಭಾವ! ಒಂದೇ ತಟ್ಟೆಯಲ್ಲಿ ಉಗಾಲಿ ಮುದ್ದೆ ಉಂಡವನು.

ಮರದ ಕೆಳಗೆ ಬಂದಾಗ ಹಿಂದೆ ಸದ್ದು. ಟಪ್... ಸರ್ರ್... ಟಪ್... ಸರ್ರ್... ಒಗ್ವೆನೊನ ಟೈರ್ ಚಪ್ಪಲಿ.

"ಯಾ... ಯಾರದು?"

"ನನ್ನ ಹೆಸರೆಲ್ಲೋ?"

ತಿರುಗಿದ. ಯಾರೂ ಇಲ್ಲ.

ಎದ್ದೆನೋ ಬಿದ್ದೆನೋ ಅಂತ ಓಡಿ ಆಫೀಸು ಸೇರಿದ. ಹೊಸ ಕೋಡ್ ಹಾಕಿದ. ಆ್ಯಪ್ ಮಿಸುಕಲಿಲ್ಲ. ಹಳೆಯದನ್ನು ವಾಪಸ್ ಹಾಕಿದರೂ ಇಲ್ಲ. ಅಷ್ಟರಲ್ಲಿ ಫೋನು... ಹೆರಿಗೆ ವಾರ್ಡಿನ ನರ್ಸು.

"ಓ ನೆಗೆಟಿವ್ ಎಲ್ಲಿದೆ ಬೇಗ ಹೇಳಪ್ಪಾ, ಬಾಣಂತಿ ಹೋಗಿಬಿಡ್ತಾಳೆ!"

ನಮ್ಮಜ್ಜಿಗೆ ಫೋನ್ ಮಾಡಿ, ಮರದ ಕೆಳಗಿನ ದನಿ, ಮಿಸುಕದ ಆ್ಯಪ್, ಎಲ್ಲ ಹೇಳಿದ. ಅಜ್ಜಿಗೆ ಕಂಪ್ಯೂಟರ್ ಏನು ಗೊತ್ತು? ಆದರೆ ನಮ್ಮಲ್ಲಿ ಕೂಸು ಅಳು ನಿಲ್ಲಿಸದಿದ್ದರೆ ಸತ್ತವರ ಹೆಸರು ಒಂದೊಂದಾಗಿ ಕರೀತೀವಲ್ಲ, ತನ್ನ ಹೆಸರಿಡಿ ಅಂತ ಕಾಡ್ತಿರೋ ಹಿರಿಯರ ಹೆಸರು ಬಂದಾಗ ಕೂಸು ಸುಮ್ಮನಾಗುತ್ತಲ್ಲ... ಅದು ಗೊತ್ತು.

"ಯಾರ ಹೆಸರು ನುಂಗಿದ್ದೀಯೋ, ಮುಂಡೇದೇ?"

"ಅಜ್ಜೀ..."

"ಕರಿ ಅವನ್ನ. ಈಗಲೇ."

ನಲವತ್ತು ಫೈಲಿಗೂ ಒಟ್ಟಿಗೆ ಒಗ್ವೆನೊನ ಹೆಸರು ಹಾಕಿ, ಹೊಸ ಕೋಡ್ ಮತ್ತೆ ಏರಿಸಿದ. ಟಕ್. ಒಂದು ಸೆಕೆಂಡು... ಉತ್ತರ ಬಂತು. ಎರಡು ಬೀದಿ ಆಚೆ ಎರಡು ಚೀಲ ಇತ್ತು. ಹೆಂಗಸು ಬದುಕಿದಳು.

ಇಲ್ಲಿಗೆ ಮುಗಿದಿದ್ದರೆ ನಾನೂ ಕ್ಷಮಿಸ್ತಿದ್ದೆ. ಬೆಳಿಗ್ಗೆ ಬಾಸ್ ಬಂದು, "ಭೇಷ್! ಯಾರಪ್ಪಾ ಮಾಡಿದ್ದು?" ಅಂದರೆ, ಅಷ್ಟರಲ್ಲೇ ಒಗ್ವೆನೊನ ಹೆಸರು ಮತ್ತೆ ಅಳಿಸಿ ತನ್ನದು ಹಾಕಿದ್ದ!

"ನಾನೇ ಸಾರ್."

ಉಂಡ ಮನೆಗೆ ಎರಡು ಬಗೆಯೋದು ಅಂದರೆ ಇದೇ. ಸತ್ತವನಿಗೆ ಎರಡು ಸಲ ಮೋಸ. ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಉರಿಯುತ್ತೆ.

ಆ್ಯಪ್ ಮಾತ್ರ ನಿಲ್ಲಲಿಲ್ಲ. ಇವತ್ತಿಗೂ ಓಡ್ತಿದೆ. ಆದರೆ ಆ ಫೈಲುಗಳನ್ನು ರಾಡಿಂಗ್ ತೆರೆದರೆ... ಖಾಲಿ. ಬರೀ ಬಿಳಿ. ಒಂದಕ್ಷರ ಕಾಣಲ್ಲ ಅವನಿಗೆ. ಯಾರಾದರೂ ಕಟ್ಟಿದ ಕತೆ ಅಂದುಕೊಂಡಿರಾ? ಮೊನ್ನೆ ಅವನ ಬೆನ್ನ ಹಿಂದೆ ನಿಂತು ಈ ಕಣ್ಣಲ್ಲೇ ನೋಡಿದ್ದೀನಿ. ಅವನು ಬೆವರು ಒರೆಸಿಕೊಳ್ಳುತ್ತಾ ಕುರ್ಚಿ ಬಿಟ್ಟೆದ್ದ. ನಾನು ಕೂತೆ. ಅದೇ ಬಿಳಿ ತೆರೆಯ ಮೇಲೆ ಸಾಲುಗಳೆಲ್ಲ ಬಂದವು.