ತುಟಿಗೆ ಹೊಂದದ ಮಾತು

ಬೀಜಿಂಗಿನ ನೂಡಲ್ಸ್ ಅಂಗಡಿಯ ಸಾಲಿನಲ್ಲಿ ಫಾಂಗ್ ಯೂಝೆನ್‌ಳ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯಳು ಬಾಯಿ ತೆರೆದದ್ದೇ ಇವಳ ಕಿವಿ ನೆಟ್ಟಗಾಯಿತು. ದಿನಾ ಸಂಜೆ ನೋಡುವ ಧಾರಾವಾಹಿಯ ನಾಯಕಿಯದೇ ದನಿ; ಮುಖ ಮಾತ್ರ ಬೇರೆ.

“ನಿನ್ನೆ ಕೊನೇ ಕಂತು ನೋಡಿದ್ರಾ ಅಕ್ಕಾ?”

“ನೋಡ್ದೆ ಕಣೇ. ನೀನು ಮೊದ್ಲು ಹೇಳಿದ್ ಕಥೇಲಿ ಹೊಸ್ತಿಲಲ್ಲಿ ನಿಂತು ‘ನಾನಿನ್ನು ವಾಪಸ್ ಬರಲ್ಲ’ ಅನ್ಬೇಕಿತ್ತಲ್ವಾ ಅವಳು?”

“ಶೂಟಿಂಗಲ್ಲಿ ಆ ನಟಿ ಹಾಗೇ ಅಂದಿದಾಳೆ. ಡಬ್ಬಿಂಗಲ್ಲಿ ನನ್ ಕೈಲಿ ‘ನಾನು ಬೇಗ ಬರ್ತೀನಿ’ ಅಂತ ಹೇಳಿಸಿದ್ರು.”

“ಗಂಡ ಅಷ್ಟು ಹೊಡೆದ್ಮೇಲೂ?”

“ಹೊಡೆದಿದ್ದನ್ನೂ ಕತ್ತರಿಸಿದ್ರಲ್ಲ. ಈಗ ಬರೀ ಬಾಗಿಲು ಬಡೀತಾನೆ.”

“ಆಗಲ್ಲ ಅನ್ನಕ್ಕೇನಾಗಿತ್ತು ನಿಂಗೆ?”

“ನಾನು ಅಂದಿದ್ರೆ ಇನ್ನೊಬ್ಳನ್ನ ಕರೆಸ್ತಿದ್ರು. ಪೋಸ್ಟರಲ್ಲಿ ಮಾತ್ರ ಈಗ್ಲೂ ‘ಯಾರಿಗೂ ತಲೆಬಾಗದ ಹೆಣ್ಣು’ ಅಂತಿದೆ.”

“ತುಟಿ ನೋಡಿದೋರಿಗೆ ಗೊತ್ತಾಗಲ್ವೇನೇ?”

“ಹೆಂಗಸಿನ ತುಟಿ ಏನು ಹೇಳ್ತಿದೆ ಅಂತ ಯಾರ್ ನೋಡ್ತಾರೆ ಅಕ್ಕಾ.”

ಬಟ್ಟಲು ಹಿಡಿದು ಇಬ್ಬರೂ ಒಳಗಿನ ಮೇಜಿಗೆ ಹೋದರು.

ಯೂಝೆನ್ ನೋಡಿದ್ದಳು. ತುಟಿಗೂ ಮಾತಿಗೂ ಹೊಂದದ್ದನ್ನು ಕಂಡು, ನಮ್ಮ ಟಿವಿ ಕೆಟ್ಟಿದೆ ಎಂದು ಗಂಡನಿಗೆ ಹೇಳಿದ್ದಳು. ಎರಡು ಬಿಗಿದರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಎದ್ದು ಅವಳ ಕಡೆಗೇ ಬಂದಿದ್ದ.